ಎಡಗಡೆಯ ಸ್ಟೂಲು

ಕ್ಲಿನಿಕ್ಕಿನ ಬಾಗಿಲು ತೆರೆದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ, ಅಷ್ಟರಲ್ಲಿ ಅವಳು ಅಪಾಯಿಂಟ್‌ಮೆಂಟ್ ಪುಸ್ತಕವನ್ನು ಮೂರು ಸಲ ತೆರೆದು ನೋಡಿದ್ದಳು. ಹತ್ತೂವರೆಯ ಸಾಲಿನಲ್ಲಿ ಅವಳದೇ ಕೈಬರಹದಲ್ಲಿ 'ಟೈಲರ್, ಎಡಗಡೆ ಕೆಳಗಿನ ಹಲ್ಲು' ಎಂದಿತ್ತು. ಮೂರು ಸಲ ನೋಡಿದ ಮಾತ್ರಕ್ಕೆ ಅದು ಬೇರೆಯವರ ಹೆಸರಾಗುವ ಹಾಗಿರಲಿಲ್ಲ. ನಿನ್ನೆ ಸಂಜೆ ಫೋನ್ ಎತ್ತಿದವಳೂ ಅವಳೇ. "ಸಿಸ್ಟರಮ್ಮ, ನಾನು, ಟೈಲರ್. ಆ ಮುರಿದ ಹಲ್ಲು ಚುಚ್ತಾ ಇದೆ, ನಾಳೆ ಬರಲಾ?" ಎಂದ ದನಿ ದಪ್ಪಗಾಗಿತ್ತು, ಬಾಯಲ್ಲಿ ಏನನ್ನೋ ಇಟ್ಟುಕೊಂಡು ಮಾತಾಡುವವರ ಹಾಗೆ. ಟೈಲರುಗಳು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾರಲ್ಲ, ಹಾಗೇ ಇರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆ ಸಮಾಧಾನ ಮನೆ ಮುಟ್ಟುವವರೆಗೂ ಬಾಳಲಿಲ್ಲ. ಬೆಳಿಗ್ಗೆ ತಟ್ಟೆಯಲ್ಲಿದ್ದದ್ದನ್ನು ಮುಟ್ಟದೆ ಎದ್ದಾಗ ಅತ್ತೆ, "ಯಾಕೆ, ನಿನ್ನ ನಾಲಿಗೇನೂ ಕೆಟ್ಟಿತಾ?" ಎಂದು ನಕ್ಕರು. ಅವರು ತಮಾಷೆಗೆ ಅಂದದ್ದು. ಅವಳು ಚಪ್ಪಲಿ ಹುಡುಕುವ ನೆಪದಲ್ಲಿ ಮುಖ ತಗ್ಗಿಸಿಕೊಂಡು ಹೊರಬಿದ್ದಿದ್ದಳು.

ಈಗ ಟ್ರೇ ಜೋಡಿಸುತ್ತಿದ್ದಳು. ಬಾಯಿಯೊಳಗೆ ಹಿಡಿಯುವ ಪುಟ್ಟ ಕನ್ನಡಿ, ಚಿಮಟ, ಹತ್ತಿಯ ಸುರುಳಿ, ಮಡಿಸಿದ, ಗಾಯಕ್ಕೆ ಸುತ್ತುವಂಥ ತೆಳು ಗಾಜ್ ಬಟ್ಟೆ. ಕುರ್ಚಿಯ ಬಲಗಡೆ ಡಾಕ್ಟರ ಸ್ಟೂಲು, ಚಕ್ರವಿರುವುದು, ಬೆನ್ನಿಗೆ ಆಸರೆ ಇರುವುದು. ಎಡಗಡೆ ಅವಳದು, ಒಂದು ಚಕ್ರ ಸರಿಯಾಗಿ ತಿರುಗದ, ಆಸರೆಯಿಲ್ಲದ ಸ್ಟೂಲು. ಹದಿನಾರು ವರ್ಷ ಅದರ ಮೇಲೆ ಕೂತು ಅವಳ ಸೊಂಟ ಒಂದು ಕಡೆಗೆ ವಾಲಿದೆ. ಬಲಗೈಯಲ್ಲಿ ಎಂಜಲು ಹೀರುವ ಕೊಳವೆ, ಎಡಗೈಯಲ್ಲಿ ಕನ್ನಡಿ. ಹಲ್ಲಿನ ಡಾಕ್ಟರಿಗೆ ನಾಲಿಗೆಯೆಂದರೆ ಕೆಲಸಕ್ಕೆ ಅಡ್ಡ ಬರುವ ವಸ್ತು, ಅದನ್ನು ಅಡ್ಡ ಬರದ ಹಾಗೆ ಸರಿಸಿ ಹಿಡಿಯುವುದೇ ಅವಳ ಸಂಬಳದ ಕೆಲಸ. ಹೀಗಾಗಿ ಡಾಕ್ಟರು ಹದಿನಾರು ವರ್ಷ ಹಲ್ಲು ನೋಡಿದರು, ಅವಳು ಹದಿನಾರು ವರ್ಷ ನಾಲಿಗೆ ನೋಡಿದಳು. ಕನ್ನಡಿ ಒಳಗೆ ಹೋದ ಕೂಡಲೇ ಜಗಳಕ್ಕೆ ನಿಲ್ಲುವ ನಾಲಿಗೆಗಳುಂಟು, ಗಂಟಲಲ್ಲಿ ಹೋಗಿ ಅಡಗಿಕೊಳ್ಳುವ ಹೇಡಿಗಳುಂಟು. ಕಟ್ಟಿಸಿಕೊಂಡ ಹಲ್ಲನ್ನು ಹಗಲೂ ರಾತ್ರಿ ತೆಗೆಯದ ಮುದುಕರ ಬಾಯಲ್ಲಿ ಮೊಸರು ಮೆತ್ತಿದ ಹಾಗೆ ಬಿಳಿ ಪದರ ಇರುತ್ತದೆ. ಒರೆಸಿದರೆ ಬರುತ್ತದೆ, ಕೆಳಗೆ ಕೆಂಪಗೆ ಹಸಿಯಾಗಿರುತ್ತದೆ, ಅದಕ್ಕೆ ಡಾಕ್ಟರು ಬೂಷ್ಟಿನ ಔಷಧಿ ಬರೆಯುತ್ತಾರೆ. ತಿಂಗಳುಗಟ್ಟಲೆ ಮಾತ್ರೆ ನುಂಗಿದ ಒಬ್ಬ ಲಾರಿ ಡ್ರೈವರನ ನಾಲಿಗೆಯ ಮೇಲೆ ಕರೀ ಕೂದಲು ಬೆಳೆದ ಹಾಗಿತ್ತು. ಹೆಂಡತಿ ಊಟದಲ್ಲಿ ಏನೋ ಹಾಕಿದ್ದಾಳೆ ಎಂದು ಅವನ ಅನುಮಾನ. ಡಾಕ್ಟರು ಬ್ರಶ್ಶಿನಿಂದ ನಾಲಿಗೆ ಉಜ್ಜಿಕೊಳ್ಳಲು ಹೇಳಿ ಒಂದು ಸಂಸಾರ ಉಳಿಸಿದರು. ಅವತ್ತೆಲ್ಲ ಅವರಿಬ್ಬರೂ ನಕ್ಕಿದ್ದೇ ನಕ್ಕಿದ್ದು. ಡಾಕ್ಟರು ಕೆಟ್ಟವರೇನಲ್ಲ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಅವಳ ತಪ್ಪಿನ ಅರ್ಧ ಭಾರ ಅವರ ಮೇಲೆ ಹೊರಿಸಿ ನಿದ್ದೆ ಮಾಡಬಹುದಿತ್ತು.

ಅತ್ತೆಯ ನಾಲಿಗೆಯಿಂದಲೇ ಇದೆಲ್ಲ ಶುರುವಾದದ್ದು ಎಂದು ಅವಳಿಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಎರಡು ವರ್ಷದ ಹಿಂದೆ ಅವರಿಗೆ ಬಾಯಿಗಿಟ್ಟದ್ದೆಲ್ಲ ಉರಿ. "ಖಾರ ಸುರಿದು ಕೊಲ್ತೀಯ ನನ್ನ" ಎಂದು ಊಟಕ್ಕೆ ಕೂತಾಗಲೆಲ್ಲ ರಾಗ. ಸೊಸೆಯ ಕೈಯಡುಗೆಯಲ್ಲಿ ಹುಳುಕು ಹುಡುಕುವುದು ಅತ್ತೆಯರ ಹಕ್ಕು ಎಂದು ಆರು ತಿಂಗಳು ಸಹಿಸಿಕೊಂಡವಳು, ಒಂದು ದಿನ ಸಿಟ್ಟಿನಲ್ಲೇ ಟಾರ್ಚ್ ತಂದು ಬಾಯಿ ತೆರೆಸಿ ನೋಡಿದಳು. ನಾಲಿಗೆ ತೊಳೆದ ನೆಲದ ಹಾಗೆ ನುಣುಪಾಗಿ, ಕೆಂಪಗೆ, ಮೇಲಿರಬೇಕಾದ ಸಣ್ಣ ಕಾಳುಗಳಲ್ಲಿ ಒಂದೂ ಇಲ್ಲದೆ ಬೋಳಾಗಿತ್ತು. ಅವಳ ಸಿಟ್ಟು ಅಲ್ಲೇ ಇಳಿಯಿತು. ರಕ್ತ ಪರೀಕ್ಷೆ ಮಾಡಿಸಿದರೆ ವಿಟಮಿನ್ನು ಪಾತಾಳದಲ್ಲಿ. ಇಂಜೆಕ್ಷನ್ನು ಬಿದ್ದ ಎರಡು ತಿಂಗಳಿಗೆ ಉರಿ ಹೋಯಿತು, ಅದೇ ಖಾರಕ್ಕೆ ಉಪ್ಪು ಕಡಿಮೆ ಎನ್ನುವಷ್ಟು ನಾಲಿಗೆ ಚುರುಕಾಯಿತು. ಅತ್ತೆ ಇಡೀ ಕಟ್ಟಡಕ್ಕೆ ಕೇಳುವ ಹಾಗೆ "ನಮ್ಮ ಸೊಸೆ ಅರ್ಧ ಡಾಕ್ಟರು" ಎಂದು ಹೇಳಿಕೊಂಡು ತಿರುಗಿದರು. ಈಗಲೂ ಭಾನುವಾರ ಬೆಳಿಗ್ಗೆ ಕಿಟಕಿಯ ಹತ್ತಿರ ಕೂತು, ಮಕ್ಕಳು ಅಣಕಿಸುವ ಹಾಗೆ ನಾಲಿಗೆ ಚಾಚಿ ಪರೀಕ್ಷೆಗೆ ಒಡ್ಡುತ್ತಾರೆ. ಆ ಹೊಗಳಿಕೆ ಅವಳ ತಲೆಗೇರಿತು. ತಲೆಗೇರಿದ್ದಕ್ಕೇ ಕ್ಲಿನಿಕ್ಕಿನಲ್ಲಿ ಬಾಯಿ ಬಿಟ್ಟಳು.

ವರ್ಷದ ಹಿಂದೆ ಒಬ್ಬ ಕಾಲೇಜು ಮೇಡಂ ಹಲ್ಲು ಕ್ಲೀನ್ ಮಾಡಿಸಿಕೊಳ್ಳಲು ಬಂದಿದ್ದರು. ನಾಲಿಗೆಯ ಅಂಚಿನಲ್ಲಿ ಕೆಂಪು ಮಚ್ಚೆ, ಸುತ್ತ ಬಿಳಿಯ ಗೆರೆ. ಕತ್ತಿಗೆ ಕಟ್ಟಿದ ಬಟ್ಟೆ ಬಿಚ್ಚುವಾಗ ಅವಳು ಮೆಲ್ಲಗೆ, "ಮೇಡಂ, ನಾಲಿಗೆ ಮೇಲೆ ಏನೋ ಇದೆ, ಒಂದು ಸಲ ದೊಡ್ಡ ಡಾಕ್ಟರಿಗೆ ತೋರಿಸಿಕೊಳ್ಳಿ" ಎಂದಿದ್ದಳು. ಮೇಡಂ ಒಂದು ವಾರ ಅನ್ನ ನಿದ್ದೆ ಬಿಟ್ಟು ಮೂರು ಆಸ್ಪತ್ರೆ ತಿರುಗಿದರು. ಮೂರೂ ಕಡೆ ಒಂದೇ ಮಾತು: ಇದು ಭೂಪಟದ ಹಾಗೆ ಕಾಣುವ ನಾಲಿಗೆ, ಮಚ್ಚೆ ಇವತ್ತು ಇಲ್ಲಿ ನಾಳೆ ಅಲ್ಲಿ, ಕೆಲವರಿಗೆ ಹುಟ್ಟುತ್ತಲೇ ಬಂದಿರುತ್ತದೆ, ಔಷಧಿಯೂ ಬೇಡ ಹೆದರಿಕೆಯೂ ಬೇಡ. ಎಂಟನೆಯ ದಿನ ಮೇಡಂ ಬಂದು, ಕಾಯುವ ಕೋಣೆಯಲ್ಲಿ ಆರು ಜನರ ಮುಂದೆ, "ನಿಮ್ಮ ನರ್ಸ್ ನನ್ನ ಸಾಯಿಸಿಬಿಟ್ಟಿದ್ಳು" ಎಂದು ಕೂಗಾಡಿದರು. ಡಾಕ್ಟರು ಕ್ಷಮೆ ಕೇಳಿ ಅವರನ್ನು ಕಳಿಸಿ, ಬಾಗಿಲು ಹಾಕುವುದನ್ನು ಮರೆತು, ಅವಳ ಕಡೆ ತಿರುಗಿದರು. "ಕೊಳವೆ ಹಿಡಿಯೋದು ನಿಮ್ಮ ಕೆಲಸ. ಕಾಯಿಲೆ ಹೇಳೋದು ನನ್ನ ಕೆಲಸ. ಈ ಕ್ಲಿನಿಕ್ಕಿಗೆ ಒಬ್ಬ ಡಾಕ್ಟರು ಸಾಕು." ಕಾಯುವ ಕೋಣೆಯಲ್ಲಿ ಏಣಿಯ ಮೇಲೆ ನಿಂತು ಹೊಸ ಪರದೆ ಸಿಕ್ಕಿಸುತ್ತಿದ್ದವನು ಟೈಲರ್. ಬೀದಿಯ ಕೊನೆಯಲ್ಲೇ ಅವನ ಅಂಗಡಿ. ಕ್ಲಿನಿಕ್ಕಿನ ಪರದೆ, ಅವಳ ಯೂನಿಫಾರ್ಮು ಎಲ್ಲ ಅವನ ಹೊಲಿಗೆಯೇ. ಅವಳು ಕಣ್ಣೊರೆಸಿಕೊಂಡು ಹೊರಗೆ ಬಂದಾಗ ಅವನು ಕೊಕ್ಕೆಗಳನ್ನು ಎರಡನೆಯ ಸಲ ಎಣಿಸುತ್ತಿದ್ದ. "ನಾನೇನೂ ಕೇಳಿಸ್ಕೊಳ್ಳಲಿಲ್ಲ, ಸಿಸ್ಟರಮ್ಮ" ಎಂದ. ಎಲ್ಲ ಕೇಳಿಸಿಕೊಂಡಿದ್ದ ಎಂದರ್ಥ. ಹೋಗುವಾಗ, ಯೂನಿಫಾರ್ಮಿನ ತೋಳು ಬಿಗಿಯಾಗಿದ್ದರೆ ತಂದುಕೊಡಿ, ಸರಿಮಾಡಿಕೊಡ್ತೀನಿ ಎಂದು, ಯಾರೂ ಕೇಳದ ಮಾತೊಂದನ್ನು ಹೇಳಿಹೋದ.

ಅವಳು ಗಡಿಯಾರ ನೋಡಿದಳು. ಹತ್ತು ದಾಟಿ ಹತ್ತು ನಿಮಿಷ. ಒಳಗಿನ ಕೋಣೆಯಲ್ಲಿ ಡಾಕ್ಟರು ಯಾರೊಂದಿಗೋ ಫೋನಿನಲ್ಲಿ ನಗುತ್ತಿದ್ದರು. ಅವಳು ಕಪಾಟಿನಿಂದ ಟೈಲರನ ಕಾರ್ಡು ತೆಗೆದಳು. ತೆಗೆಯದೆಯೂ ಅದರಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಕಾರ್ಡು ತುಂಬುವವಳು ಅವಳೇ. ಡಾಕ್ಟರು ಹಲ್ಲಿನ ನಂಬರು ಹೇಳುತ್ತ ಹೋದ ಹಾಗೆ ಅವಳು ಬರೆದುಕೊಳ್ಳುತ್ತ ಹೋಗುತ್ತಾಳೆ. ಹಲ್ಲುಗಳ ಪಟ್ಟಿಯ ಕೆಳಗೆ ನಾಲಿಗೆ, ಕೆನ್ನೆಯ ಒಳಭಾಗ, ಅಂಗುಳ, ಒಸಡು ಎಂದು ನಾಲ್ಕು ಸಾಲು ಅಚ್ಚಾಗಿದೆ. ಮೊದಮೊದಲು ಡಾಕ್ಟರು ಅವನ್ನೂ ಒಂದೊಂದಾಗಿ ಹೇಳುತ್ತಿದ್ದರು. ಆಮೇಲೆ "ಉಳಿದದ್ದು ನಾರ್ಮಲ್" ಎನ್ನತೊಡಗಿದರು. ಆಮೇಲೆ ಅದನ್ನೂ ಬಿಟ್ಟರು. ಈಗಂತೂ ರೋಗಿ ಕುರ್ಚಿಯಲ್ಲಿ ಕೂತು ಬಾಯಿ ತೆರೆಯುವ ಮೊದಲೇ ಮೊದಲ ಸಾಲಿನಲ್ಲಿ 'ನಾರ್ಮಲ್' ಎಂದು ಬರೆದು, ಅಲ್ಲಿಂದ ನಾಲ್ಕನೆಯ ಸಾಲಿನವರೆಗೆ ಒಂದು ಗೆರೆ ಎಳೆದುಬಿಡುವುದು ಅವಳ ಕೈಗೆ ಅಭ್ಯಾಸವಾಗಿಹೋಗಿದೆ. ಏಳು ತಿಂಗಳ ಹಿಂದೆ ಟೈಲರ್ ಬಂದಿದ್ದಾಗ ಎಳೆದ ಆ ಗೆರೆ ಕಾರ್ಡಿನ ಮೇಲೆ ನೆಟ್ಟಗೆ, ಅಂದವಾಗಿತ್ತು.

ಅವತ್ತು ಹುಳುಕು ತುಂಬಬೇಕಾಗಿದ್ದದ್ದು ಬಲಗಡೆಯ ಹಲ್ಲು. ಡಾಕ್ಟರ ಕಣ್ಣು, ಕೈ, ದೀಪ ಎಲ್ಲ ಬಲಕ್ಕೆ. ಅವಳು ಎಡಗಡೆಯಿಂದ ಬಗ್ಗಿ ನಾಲಿಗೆಯನ್ನು ತನ್ನ ಕಡೆಗೆ ಎಳೆದು ಹಿಡಿದಿದ್ದಳು. ಆಗ ಅದು ಕಂಡಿತು, ನಾಲಿಗೆಯ ಎಡ ಅಂಚಿನಲ್ಲಿ, ಸ್ವಲ್ಪ ಹಿಂದಕ್ಕೆ, ಎಡಗಡೆಯ ಮುರಿದ ಹಲ್ಲಿನ ಎದುರಿಗೆ. ಅಕ್ಕಿಕಾಳಿನಷ್ಟು ಹುಣ್ಣು. ಡಾಕ್ಟರು ಕೂತ ಜಾಗದಿಂದ ಅದು ಕಾಣುವ ಹಾಗೇ ಇರಲಿಲ್ಲ. ಅವಳು ಎಂಜಲು ಒರೆಸುವವಳ ಹಾಗೆ ಗಾಜ್ ಬಟ್ಟೆ ಸುತ್ತಿದ ಬೆರಳಿನಿಂದ ಅದನ್ನು ಒತ್ತಿ ನೋಡಿದಳು. ಹಲ್ಲು ತಾಗಿ ಆಗುವ ಹುಣ್ಣು ಮೆತ್ತಗಿರುತ್ತದೆ, ಮುಟ್ಟಿದರೆ ರೋಗಿ ಹಾರಿಬೀಳುತ್ತಾನೆ. ಇದರ ಅಂಚು ಗಟ್ಟಿಯಾಗಿತ್ತು. ಟೈಲರ್ ಮಿಸುಕಲೂ ಇಲ್ಲ. ನೋಯದ, ಗಟ್ಟಿ ಅಂಚಿನ ಹುಣ್ಣು ಕ್ಯಾನ್ಸರಿನ ಗುರುತಿರಬಹುದು ಎಂದು ಅವಳಿಗೆ ಗೊತ್ತಿತ್ತು. ಮಾಸ್ಕಿನ ಹಿಂದೆ ಬಾಯಿ ತೆರೆದದ್ದು ಅವಳಿಗೆ ಈಗಲೂ ನೆನಪಿದೆ. ಮಾಸ್ಕಿನ ಹಿಂದೆ ಬಾಯಿ ತೆರೆದದ್ದು ಯಾರಿಗೂ ಕಾಣುವುದಿಲ್ಲ, ಮುಚ್ಚಿದ್ದೂ ಕಾಣುವುದಿಲ್ಲ. ಈ ಕ್ಲಿನಿಕ್ಕಿಗೆ ಒಬ್ಬ ಡಾಕ್ಟರು ಸಾಕು. ಮತ್ತೆ ಭೂಪಟವಾಗಿಬಿಟ್ಟರೆ? ಕಾರ್ಡಿನ ಮೇಲೆ ಗೆರೆ ಆಗಲೇ ಬಿದ್ದಿತ್ತು, ಹೊಡೆದುಹಾಕಿದರೆ ಯಾಕೆಂದು ಕೇಳುತ್ತಾರೆ. ಅಷ್ಟರಲ್ಲಿ ಡಾಕ್ಟರು ಕೈಗವಸು ಕಳಚಿ ಎದ್ದಿದ್ದರು.

ಅಲ್ಲಿಗೇ ಮುಗಿದಿದ್ದರೆ ಅವಳು ತನ್ನನ್ನು ತಾನು ಹೇಗೋ ಕ್ಷಮಿಸಿಕೊಳ್ಳುತ್ತಿದ್ದಳು. ಹೇಳದೆ ಉಳಿದದ್ದಕ್ಕೆ ನೂರು ನೆಪ ಸಿಗುತ್ತವೆ. ಆದರೆ ಟೈಲರ್ ಹೊರಗಿನ ಮೇಜಿನ ಹತ್ತಿರ ಬಂದು, ಎರಡು ಗಂಟೆ ಏನೂ ತಿನ್ನಬೇಡಿ ಎಂಬ ಅವಳ ಮಾತು ಕೇಳಿಸಿಕೊಂಡು, ಹೋಗಲಾರದೆ ನಿಂತ. "ಸಿಸ್ಟರಮ್ಮ, ದಾರ ಒದ್ದೆ ಮಾಡ್ಕೊಳ್ಳೋವಾಗ ನಾಲಿಗೆ ಈ ಕಡೆ ಏನೋ ಒರಟೊರಟು ಅನ್ಸುತ್ತೆ. ಏನಾದ್ರೂ ಇದೆಯಾ?" ಎಂದು ಕೇಳಿದ. ಡಾಕ್ಟರನ್ನಲ್ಲ, ಅವಳನ್ನು. ಅವಳು ಪುಸ್ತಕದ ಮೇಲಿನ ಕಣ್ಣೆತ್ತದೆ, "ಡಾಕ್ಟರು ನೋಡಿದ್ದಾರಲ್ಲ. ಇದ್ದಿದ್ರೆ ಹೇಳ್ತಿದ್ರು" ಎಂದಳು. ಅವನ ಮುಖ ಅರಳಿತು. ಹೊರೆ ಇಳಿಸಿದವನ ಹಾಗೆ ಮೆಟ್ಟಿಲಿಳಿದು ಹೋದ.

ಆಮೇಲಿನ ಏಳು ತಿಂಗಳು ಅವಳು ಮಾಡಿದ ಕಳ್ಳಾಟಗಳಿಗೆ ಲೆಕ್ಕವಿಲ್ಲ. ಬಸ್ಸಿಳಿದು ಟೈಲರನ ಅಂಗಡಿಯ ಮುಂದೆ ಹಾಯುವ ದಾರಿ ಬಿಟ್ಟು ಹಿಂದಿನ ಓಣಿ ಹಿಡಿದಳು. ಯೂನಿಫಾರ್ಮಿನ ತೋಳು ನಿಜಕ್ಕೂ ಬಿಗಿಯಾದಾಗ ಮೂರು ಬೀದಿ ಆಚೆಯ ಬೇರೆ ಟೈಲರಿಗೆ ಕೊಟ್ಟಳು. ಅವನು ಅದನ್ನು ಕೆಡಿಸಿಕೊಟ್ಟ, ಕೆಡಿಸಿದ್ದೇ ಸರಿಯಾಯಿತು ಎನ್ನಿಸಿತು. ಒಮ್ಮೆ ತಪ್ಪಿ ಆ ದಾರಿಗೆ ಬಂದಾಗ ಗಾಜಿನ ಆಚೆ ಅವನು ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಕಣ್ಣು ಕಿರಿದು ಮಾಡಿ, ಸೂಜಿಗೆ ಪೋಣಿಸುತ್ತಿದ್ದ. ಬಲಗಡೆಯಿಂದ ಒದ್ದೆ ಮಾಡಿಕೊಳ್ಳುತ್ತಿದ್ದ. ಎಡ ನೋಯುತ್ತಿದೆ ಎಂದು ಅವಳಿಗೆ ಅಲ್ಲೇ ಗೊತ್ತಾಯಿತು, ಗೊತ್ತಾಗಿಯೂ ಕಾಲು ನಿಲ್ಲಲಿಲ್ಲ. ಕಾರ್ಡಿನಲ್ಲಿದ್ದ ನಂಬರಿಗೆ ಒಂದು ಸಲ ಫೋನೂ ಮಾಡಿದಳು. "ಯಾರು?" ಎಂದ. ಇಟ್ಟುಬಿಟ್ಟಳು. ಮಾಸಿರುತ್ತದೆ, ಮಾಸದಿದ್ದರೆ ಅವನೇ ಬರುತ್ತಿದ್ದ, ಬಾಯಿಯ ಹುಣ್ಣು ಯಾರಿಗಾಗುವುದಿಲ್ಲ ಎಂದು ದಿನಕ್ಕೊಂದು ಮಾತು ತನಗೇ ಹೇಳಿಕೊಂಡಳು. ಅವನು ಬರದೆ ಇರುವುದಕ್ಕೆ ತನ್ನ ಮಾತೇ ಕಾರಣ ಎಂಬುದೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿಕೊಂಡಳು. ಹೇಸಿಗೆ ಎಂದರೆ ಏನೆಂದು ಈ ಏಳು ತಿಂಗಳಲ್ಲಿ ಅವಳಿಗೆ ಗೊತ್ತಾಗಿತ್ತು, ಬೇರೆಯವರ ಬಾಯಿ ಒರೆಸಿದ ಹದಿನಾರು ವರ್ಷದಲ್ಲಿ ಗೊತ್ತಾಗಿರಲಿಲ್ಲ.

ಟೈಲರ್ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಸೊರಗಿದ್ದ. ಬೇರೆಯವರ ಅಳತೆ ತಪ್ಪದೆ ತೆಗೆಯುವವನ ಅಂಗಿಯ ಕಾಲರು ಅವನದೇ ಕತ್ತಿಗೆ ದೊಡ್ಡದಾಗಿತ್ತು. "ಏನು ಸಿಸ್ಟರಮ್ಮ, ನಮ್ಮ ಕಡೆ ಬರೋದೇ ಬಿಟ್ರಲ್ಲ" ಎಂದ. ಅವಳು ಕೆಲಸ ಎಂದಳು. ಕತ್ತಿಗೆ ಬಟ್ಟೆ ಕಟ್ಟುವಾಗ ಅವಳು ಗಂಟನ್ನು ಎರಡು ಸಲ ತಪ್ಪಿಸಿದ್ದನ್ನು ಅವನು ಗಮನಿಸಿದ, ಗಮನಿಸಿದ್ದನ್ನು ತೋರಿಸಿಕೊಳ್ಳದೆ ಚಾವಣಿ ನೋಡುತ್ತ ಮಲಗಿದ.

ಡಾಕ್ಟರು ಬಂದು ಬಲಗಡೆಯ ಸ್ಟೂಲಿನಲ್ಲಿ ಕೂತರು. "ಎಡಗಡೆ ಹಲ್ಲಲ್ಲವಾ? ಸಿಸ್ಟರ್, ನಾಲಿಗೇನ ಈ ಕಡೆ ಸರಿಸಿ" ಎಂದರು. ಅವಳು ಗಾಜ್ ಬಟ್ಟೆಯಿಂದ ನಾಲಿಗೆಯ ತುದಿ ಹಿಡಿದು ಬಲಕ್ಕೆ ಎಳೆದಳು. ಅಕ್ಕಿಕಾಳು ಶರ್ಟಿನ ಗುಂಡಿಯಷ್ಟಾಗಿತ್ತು. ಅಂಚು ದಪ್ಪಗೆ ಎದ್ದಿತ್ತು. ಅವಳು ಕಣ್ಣು ಮುಚ್ಚಿಕೊಳ್ಳಲಿಲ್ಲ, ಅಷ್ಟು ಮಾತ್ರ ಅವಳ ಕೈಲಾಯಿತು. "ಓಹೋ, ಇಲ್ಲೊಂದು ಹುಣ್ಣಾಗಿದೆಯಲ್ಲ" ಎಂದು ಡಾಕ್ಟರು ಬೆರಳಿನಿಂದ ಒತ್ತಿ ನೋಡಿ ಹುಬ್ಬು ಗಂಟಿಕ್ಕಿದರು. "ಎಷ್ಟು ದಿನದಿಂದ ಇದೆ?"

ಮಾತಾಡಲಿ ಎಂದು ಅವಳು ನಾಲಿಗೆ ಬಿಟ್ಟಳು. ಟೈಲರ್ ಉಗುಳು ನುಂಗಿದ. ಅವನ ಕಣ್ಣು ಪ್ರಶ್ನೆ ಕೇಳಿದವರ ಕಡೆ ಹೋಗದೆ ಎಡಕ್ಕೆ, ಅವಳ ಕಡೆ ಹೊರಳಿತು. ಒಂದು ಗಳಿಗೆ ಅಷ್ಟೇ. ಅವನಿಗೆ ನೆನಪಿದೆ ಎಂದು ಅವಳಿಗೆ ತಿಳಿಯಿತು. ಮೇಜಿನ ಹತ್ತಿರ ಕೇಳಿದ್ದು ನೆನಪಿದೆ, ಅವಳು ಹೇಳಿದ್ದೂ ನೆನಪಿದೆ, ಏಣಿಯ ಮೇಲಿಂದ ಕೇಳಿಸಿಕೊಂಡದ್ದೂ ನೆನಪಿದೆ.

"ಮೂರು ವಾರ ಇರಬಹುದು, ಸರ್" ಎಂದ.

ಡಾಕ್ಟರ ಹುಬ್ಬು ಸಡಿಲವಾಯಿತು. "ಹೋದ ಸಲ ಏನಿತ್ತು? ಸಿಸ್ಟರ್, ಕಾರ್ಡ್ ನೋಡಿ."

ಅವಳು ಕಾರ್ಡು ಎತ್ತಿಕೊಂಡಳು. "ನಾರ್ಮಲ್" ಎಂದು ಓದಿದಳು. ತನ್ನ ಅಕ್ಷರ, ತನ್ನ ದನಿ.

"ಹಾಗಾದ್ರೆ ಹೊಸದು. ಮುರಿದ ಹಲ್ಲಿನ ಚೂಪು ತಾಗಿ ಆಗಿರೋದು. ಅದನ್ನ ಉಜ್ಜಿ ನುಣ್ಣಗೆ ಮಾಡ್ತೀನಿ, ಮುಲಾಮು ಹಚ್ಚಿ, ಎರಡು ವಾರ ಬಿಟ್ಟು ಬನ್ನಿ. ಆಗಲೂ ಮಾಸದಿದ್ರೆ ದೊಡ್ಡಾಸ್ಪತ್ರೆಗೆ ಕಳಿಸಿ ಒಂದು ಚೂರು ತೆಗೆಸಿ ಪರೀಕ್ಷೆ ಮಾಡಿಸೋಣ. ಮೂರು ವಾರ ಸುಮ್ಮನಿದ್ರಲ್ಲ ಮಾರಾಯರೇ, ಬಂದು ತೋರಿಸಬಾರದಾಗಿತ್ತಾ?"

"ನನ್ನದೇ ತಪ್ಪು, ಸರ್. ಅಸಡ್ಡೆ ಮಾಡಿದೆ" ಎಂದ ಟೈಲರ್.

ಅವಳಿಗೆ ನೆಲಕ್ಕಿಳಿದು ಹೋಗುವ ಹಾಗಾಯಿತು. ಅವನು ಅವಳನ್ನು ಉಳಿಸುತ್ತಿದ್ದ. ತನ್ನ ಬಾಯಲ್ಲಿರುವುದು ಏನೆಂದು ಗೊತ್ತಿಲ್ಲದವನು, ಇನ್ನೊಂದು ಸಲ ಅವಳು ಬೈಸಿಕೊಳ್ಳದಿರಲಿ ಎಂದು, ತೋಳು ಸರಿಮಾಡಿಕೊಡುತ್ತೇನೆ ಎಂದಷ್ಟೇ ಹಗುರವಾಗಿ ಸುಳ್ಳು ಹೇಳಿದ್ದ. ಆ ಸುಳ್ಳನ್ನು ಒಪ್ಪಿಕೊಂಡುಬಿಡಬಹುದಿತ್ತು. ಎರಡೇ ವಾರ. ಏಳು ತಿಂಗಳು ಹೋದಲ್ಲಿ ಹದಿನಾಲ್ಕು ದಿನ ಯಾವ ದೊಡ್ಡ ಮಾತು, ಹದಿನೈದನೆಯ ದಿನ ಹೇಗೂ ದೊಡ್ಡಾಸ್ಪತ್ರೆಗೆ ಹೋಗುತ್ತಾನೆ, ಯಾರಿಗೂ ಏನೂ ತಿಳಿಯುವುದಿಲ್ಲ ಎಂದು ಮನಸ್ಸು ಎಷ್ಟು ಬೇಗ ಲೆಕ್ಕ ಹಾಕಿತೆಂದರೆ ಅವಳಿಗೇ ಭಯವಾಯಿತು. ಡಾಕ್ಟರು ಮೆಷಿನ್ನು ಕೈಗೆತ್ತಿಕೊಂಡರು. ಅವಳು ಮತ್ತೆ ನಾಲಿಗೆ ಹಿಡಿದಳು. ಸುಯ್ಯೆಂದು ಸದ್ದು, ಸುಟ್ಟ ಹಲ್ಲಿನ ವಾಸನೆ, ನೀರಿನ ತುಂತುರು. ಗಾಜ್ ಬಟ್ಟೆಯೊಳಗೆ ನಾಲಿಗೆ ಬೆಚ್ಚಗೆ ಅದುರುತ್ತಿತ್ತು. ಬಿಡಿಸಿಕೊಳ್ಳಲು ನೋಡುತ್ತಿರಲಿಲ್ಲ. ಅವಳು ಹಿಡಿದ ಕಡೆ ಸುಮ್ಮನೆ ಇತ್ತು.

"ಸರ್, ನಿಲ್ಲಿಸಿ."

ಡಾಕ್ಟರು ರೋಗಿಗೆ ನೋವಾಯಿತೇನೋ ಎಂದು ಕೈ ಹಿಂದೆಗೆದರು. ಅವಳು ಮಾಸ್ಕು ಕೆಳಗೆ ಎಳೆದುಕೊಂಡಳು.

"ಮೂರು ವಾರ ಅಲ್ಲ. ಏಳು ತಿಂಗಳು. ಹೋದ ಸಲಾನೇ ಇತ್ತು, ನಾನು ನೋಡಿದ್ದೆ. ಮುಟ್ಟಿಯೂ ನೋಡಿದ್ದೆ, ಗಟ್ಟಿ ಇತ್ತು. ಇವರು ನನ್ನನ್ನ ಕೇಳಿದ್ರು ಸರ್, ಏನಾದ್ರೂ ಇದೆಯಾ ಅಂತ. ಡಾಕ್ಟರು ನೋಡಿದ್ದಾರೆ, ಇದ್ದಿದ್ರೆ ಹೇಳ್ತಿದ್ರು ಅಂತ ನಾನೇ ಕಳಿಸಿದೆ."

ಟೈಲರ್, "ಅವರದೇನೂ ಇಲ್ಲ ಸರ್, ನಾನೇ" ಎಂದು ಏಳಲು ನೋಡಿದ. ಡಾಕ್ಟರು ಅವನ ಭುಜದ ಮೇಲೆ ಕೈಯಿಟ್ಟು ಮಲಗಿಸಿದರು. ಬೈಯುತ್ತಾರೆ ಎಂದು ಅವಳು ಕಾದಳು. ಬೈದಿದ್ದರೆ ಸ್ವಲ್ಪ ಉಸಿರಾಡಬಹುದಿತ್ತು. ಅವರು ಕಾರ್ಡು ತೆಗೆದುಕೊಂಡು ಆ ಉದ್ದ ಗೆರೆಯನ್ನೇ ನೋಡುತ್ತ ಕೂತರು.

"ಇದನ್ನ ಬರೆಯೋವಾಗ ನಾನು ಹೇಳಿದ್ನಾ?" ಎಂದು ಕೇಳಿದರು.

"ಇಲ್ಲ ಸರ್. ನೀವು ಅದನ್ನ ಹೇಳೋದು ಬಿಟ್ಟು ನಾಲ್ಕೈದು ವರ್ಷ ಆಯ್ತು."

ಡಾಕ್ಟರು ಕಾರ್ಡು ಕೆಳಗಿಟ್ಟರು. ಮೆಷಿನ್ನನ್ನು ಅದರ ಜಾಗಕ್ಕೆ ಸಿಕ್ಕಿಸಿ, ದೀಪ ಆರಿಸಿ, ಮೇಜಿಗೆ ಹೋಗಿ ದೊಡ್ಡಾಸ್ಪತ್ರೆಗೆ ಕಾಗದ ಬರೆಯತೊಡಗಿದರು. ಅವರ ಕಿವಿ ಕೆಂಪಾಗಿತ್ತು. 'ಏಳು ತಿಂಗಳು' ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು. ಅಲ್ಲಿಯ ಡಾಕ್ಟರೊಬ್ಬರಿಗೆ ಫೋನ್ ಮಾಡಲು ಹೊರಗೆ ಹೋದರು. ಒಳಗಿನಿಂದಲೇ ಮಾಡಬಹುದಿತ್ತು.

ಅವಳು ಟೈಲರನ ಕತ್ತಿನ ಬಟ್ಟೆ ಬಿಚ್ಚಿದಳು. ಅವನು ಎದ್ದು ಕುರ್ಚಿಯ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟ, ಚಪ್ಪಲಿ ಹುಡುಕಲಿಲ್ಲ. ಕ್ಷಮಿಸಿ ಎನ್ನಬೇಕೆಂದಿದ್ದಳು, ಬೆಳಿಗ್ಗೆಯಿಂದ ಆ ಮಾತನ್ನು ಹತ್ತಾರು ರೀತಿ ಜೋಡಿಸಿಟ್ಟುಕೊಂಡಿದ್ದಳು. ಅದು ಈಗ ಅವಳಿಗೆ ಬೇಕಾದ ಮಾತಾಗಿ ಕಂಡಿತೇ ಹೊರತು ಅವನಿಗೆ ಬೇಕಾದದ್ದಾಗಿ ಕಾಣಲಿಲ್ಲ. ಅವನು ತನ್ನ ಬೆರಳುಗಳನ್ನು, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ತುದಿಗಳನ್ನು ನೋಡಿಕೊಳ್ಳುತ್ತಿದ್ದ. ಆಮೇಲೆ ತಲೆಯೆತ್ತಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಡಾಕ್ಟರು ಬಾಗಿಲ ಆಚೆಯೇ ಇದ್ದರು, ಅವನು ಅವರಿಗಾಗಿ ಕಾಯಲಿಲ್ಲ.

"ಸಿಸ್ಟರಮ್ಮ, ಏಳು ತಿಂಗಳು ಅಂದ್ರೆ ತುಂಬಾ ಆಯ್ತಾ?"

ಅವಳು ಬಾಗಿಲ ಕಡೆ ನೋಡಲಿಲ್ಲ.

"ಆಯ್ತು" ಎಂದಳು. "ತುಂಬಾ ಆಯ್ತು."